ಪಿಎಫ್ ಪೂರ್ತಿ ತೆಗೆಯುವ ಮೊದಲು ಪೆನ್ಷನ್ ಕಾಲಂ ನೋಡಿ

ಪ್ರಶ್ನೆ: ನಾನು ಅಂಕೋಲಾ ತಾಲ್ಲೂಕಿನವಳು, ವಯಸ್ಸು 36. 2015ರಲ್ಲಿ ಗೋವಾದ ವೆರ್ಣಾದಲ್ಲಿ ಔಷಧ ಕಾರ್ಖಾನೆಯೊಂದರ ಪ್ಯಾಕಿಂಗ್ ವಿಭಾಗಕ್ಕೆ ಸೇರಿ 6 ವರ್ಷ 10 ತಿಂಗಳು ದುಡಿದೆ. ಆಮೇಲೆ ಕಾರವಾರದಲ್ಲಿ ಗುತ್ತಿಗೆದಾರರೊಬ್ಬರ ಕೈಕೆಳಗೆ 2 ವರ್ಷ 5 ತಿಂಗಳು. ಗುತ್ತಿಗೆ ಮುಗಿಯಿತು, ಮೂರು ತಿಂಗಳಿಂದ ಮನೆಯಲ್ಲಿದ್ದೇನೆ. ಗೋವಾದ ಪಿಎಫ್ ಖಾತೆಯಲ್ಲಿ 2,04,000, ಕಾರವಾರದ್ದರಲ್ಲಿ 62,000 ರೂಪಾಯಿ ಇದೆ. ಗಂಡನ ದೋಣಿಗೆ ಎಂಜಿನ್ ಹಾಕಿಸಲು, ಮನೆಯ ಮಾಡು ರಿಪೇರಿಗೆ ಎರಡು ಲಕ್ಷ ಬೇಕು. ಆಗಸ್ಟ್‌ನಲ್ಲಿ ದೋಣಿ ಇಳಿಸುವ ಹೊತ್ತಿಗೆ ಹಣ ಕೈಗೆ ಬರಬೇಕು. ಮೂರು ವರ್ಷ ಬಿಟ್ಟರೆ ಬಡ್ಡಿ ನಿಲ್ಲುತ್ತದೆ, ಹೊಸ ನಿಯಮ ಬಂದರೆ ಸರ್ಕಾರ ಕಾಲು ಭಾಗ ಇಟ್ಟುಕೊಳ್ಳುತ್ತದೆ, ಈಗಲೇ ಪೂರ್ತಿ ತೆಗೆದುಬಿಡು ಎಂದು ಎಲ್ಲರೂ ಹೇಳುತ್ತಾರೆ. ಸೈಬರ್ ಅಂಗಡಿಯವರು ಕಾರಣದ ಜಾಗದಲ್ಲಿ ಮದುವೆ ಎಂದು ಹಾಕಿದರೆ ಬೇಗ ಬರುತ್ತದೆ, ಪೆನ್ಷನ್ ಹಣವನ್ನೂ ಒಟ್ಟಿಗೇ ತೆಗೆಸಿಕೊಡುತ್ತೇನೆ, ಶೇ 5 ಕಮಿಷನ್ ಕೊಡಿ ಎಂದಿದ್ದಾರೆ. ನನಗೆ ಮದುವೆಯಾಗಿ ಇಬ್ಬರು ಮಕ್ಕಳಿದ್ದಾರೆ! ಗೋವಾ ಖಾತೆಯಲ್ಲಿ ಹೆಸರಿನ ಸ್ಪೆಲ್ಲಿಂಗ್ ಆಧಾರ್‌ಗೆ ಹೊಂದುವುದಿಲ್ಲ. ಕಾರವಾರದ ಪಾಸ್‌ಬುಕ್‌ನಲ್ಲಿ ಎರಡು ತಿಂಗಳು ಖಾಲಿ ಇವೆ, ಸಂಬಳದಿಂದ ಮಾತ್ರ ಕಡಿತವಾಗಿದೆ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರದಲ್ಲಿ ಎಂಜಿನ್ ಇದೆ, ಮಾಡು ಇದೆ, ಬಡ್ಡಿಯ ಭಯ ಇದೆ. ಎಲ್ಲಕ್ಕಿಂತ ಬೆಲೆಬಾಳುವ ಸಂಗತಿಯನ್ನು ಮಾತ್ರ ನೀವು ಗಮನಿಸದೆಯೇ ಬರೆದಿದ್ದೀರಿ. 6 ವರ್ಷ 10 ತಿಂಗಳಿಗೆ 2 ವರ್ಷ 5 ತಿಂಗಳು ಕೂಡಿಸಿ ನೋಡಿ: 9 ವರ್ಷ 3 ತಿಂಗಳಾಗುತ್ತದೆ. ನೌಕರರ ಪಿಂಚಣಿ ಯೋಜನೆಯಲ್ಲಿ ಜೀವನಪೂರ್ತಿ ಮಾಸಿಕ ಪಿಂಚಣಿಗೆ 10 ವರ್ಷದ ಸೇವೆ ಬೇಕು. ಆರು ತಿಂಗಳು ಅಥವಾ ಅದಕ್ಕಿಂತ ಹೆಚ್ಚಿನ ತುಣುಕನ್ನು ಇಡೀ ವರ್ಷವೆಂದು ಎಣಿಸುವುದರಿಂದ 9 ವರ್ಷ 6 ತಿಂಗಳು ತುಂಬಿದರೆ ಸಾಕು, ಅದು ಹತ್ತೇ. ನಿಮಗೆ ಕಡಿಮೆ ಬಿದ್ದಿರುವುದು ಮೂರೇ ತಿಂಗಳು. ಆ ಅಂಗಡಿಯವರು "ಒಟ್ಟಿಗೇ" ಎಂದದ್ದಕ್ಕೆ ಒಪ್ಪಿ ಫಾರಂ 10ಸಿಯಲ್ಲಿ ಪಿಂಚಣಿ ಪಾಲಿನ ಹಣ ವಾಪಸ್ ಕೇಳಿದರೆ ಈ ಒಂಬತ್ತು ಚಿಲ್ಲರೆ ವರ್ಷಗಳ ಲೆಕ್ಕ ಸೊನ್ನೆಯಾಗುತ್ತದೆ. ಮುಂದೆ ಯಾವ ಕೆಲಸಕ್ಕೆ ಸೇರಿದರೂ ಒಂದನೇ ತಿಂಗಳಿಂದ ಮತ್ತೆ ಎಣಿಕೆ.

ಹಾಗಾಗಿ ಪಿಎಫ್‌ನಿಂದ ಬೇಕಾದಷ್ಟು ತೆಗೆಯಿರಿ, ಪೆನ್ಷನ್ ಮುಟ್ಟಬೇಡಿ. ಉಳಿದದ್ದೆಲ್ಲ ಇದರ ವಿವರಣೆ.

ಪಾಸ್‌ಬುಕ್ ತೆರೆದರೆ ಪ್ರತಿ ತಿಂಗಳ ಸಾಲಿನಲ್ಲೂ ಮೂರು ಮೊತ್ತ ಕಾಣುತ್ತವೆ. ನಿಮ್ಮ ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 13,000 ಎಂದುಕೊಳ್ಳೋಣ. ಮೊದಲ ಕಾಲಂ ನಿಮ್ಮ ಪಾಲು, ಶೇ 12, ಅಂದರೆ 1,560 ರೂಪಾಯಿ. ಮಾಲೀಕರೂ ಅಷ್ಟೇ ಕೊಡುತ್ತಾರೆ, ಆದರೆ ಅದು ಎರಡು ಹೋಳಾಗುತ್ತದೆ. ಶೇ 8.33, ಅಂದರೆ 1,083 ರೂಪಾಯಿ ಪಿಂಚಣಿ ನಿಧಿಗೆ ಹೋಗುತ್ತದೆ. ಉಳಿದ 477 ಮಾತ್ರ ಪಿಎಫ್‌ಗೆ. ಬಡ್ಡಿ ಬರುವುದು 1,560 ಮತ್ತು 477ಕ್ಕೆ. ಪಿಂಚಣಿ ಕಾಲಂ‌ನ 1,083ಕ್ಕೆ ಬಡ್ಡಿ ಇಲ್ಲ, ಅದು ನಿಮ್ಮ ಹೆಸರಿನ ಠೇವಣಿಯೂ ಅಲ್ಲ. ಎಲ್ಲರ ದುಡ್ಡು ಒಂದೇ ನಿಧಿಗೆ ಬಿದ್ದು, ಸೇವಾವಧಿ ಮತ್ತು ವೇತನದ ಸೂತ್ರದ ಮೇಲೆ ಪಿಂಚಣಿಯಾಗಿ ಹೊರಬರುತ್ತದೆ. ಆ ಕಾಲಂ‌ನ ಅಂಕಿಗಳನ್ನೆಲ್ಲ ಕೂಡಿಸಿಕೊಂಡು "ನನ್ನ ಇಷ್ಟು ಹಣ ಎಲ್ಲಿ ಹೋಯಿತು" ಎಂದು ಕೇಳುತ್ತ ಬರುವವರನ್ನು ನಾನು ಈ ಕೆಲಸದಲ್ಲಿ ಕಾಣುತ್ತಲೇ ಇರುತ್ತೇನೆ.

10 ವರ್ಷ ತುಂಬುವ ಮೊದಲು ಪಿಂಚಣಿ ಪಾಲನ್ನು ವಾಪಸ್ ಕೇಳಿದರೆ ಸಿಗುವುದು ಕೊನೆಯ ವೇತನವನ್ನು ಯೋಜನೆಯ ಕೋಷ್ಟಕದಲ್ಲಿರುವ ಅಂಶದಿಂದ ಗುಣಿಸಿದ ಮೊತ್ತ. ನಿಮ್ಮ ಅವಧಿಗೆ ಅದು ಒಂಬತ್ತು ತಿಂಗಳ ವೇತನಕ್ಕಿಂತ ಸ್ವಲ್ಪ ಹೆಚ್ಚು. 13,000 ವೇತನವಿದ್ದರೆ 1,20,000 ರೂಪಾಯಿ ದಾಟುತ್ತದೆ. ದೊಡ್ಡ ಮೊತ್ತವೇ, ಆಸೆ ಹುಟ್ಟುವುದು ಸಹಜ. ಈಗ ಇನ್ನೊಂದು ಕಡೆ ನೋಡಿ. ಪಿಂಚಣಿಯ ಸೂತ್ರ ಸರಳವಾಗಿದೆ: ಕೊನೆಯ 60 ತಿಂಗಳ ಸರಾಸರಿ ವೇತನವನ್ನು ಸೇವೆಯ ವರ್ಷಗಳಿಂದ ಗುಣಿಸಿ 70ರಿಂದ ಭಾಗಿಸಬೇಕು. ಸರಾಸರಿ 13,000, ಸೇವೆ 10 ವರ್ಷ ಎಂದಾದರೆ ತಿಂಗಳಿಗೆ 1,857 ರೂಪಾಯಿ. 58ನೇ ವಯಸ್ಸಿಗೆ ಶುರುವಾಗಿ ಬದುಕಿರುವವರೆಗೆ ಬರುತ್ತದೆ. ನಿಮ್ಮ ನಂತರ ಕುಟುಂಬ ಪಿಂಚಣಿಯೂ ಇದೆ. 50 ದಾಟಿದ ಮೇಲೆ ಬೇಗ ಬೇಕೆಂದರೆ ಪ್ರತಿ ವರ್ಷಕ್ಕೆ ಶೇ 4 ಕಡಿತ ಮಾಡಿ ಕೊಡುತ್ತಾರೆ.

1,857 ರೂಪಾಯಿ ಏನು ಮಹಾ ಎನ್ನಬಹುದು. ನಿಜ, ಬೆಲೆಯೇರಿಕೆಗೆ ತಕ್ಕಂತೆ ಅದು ಹಿಗ್ಗುವುದಿಲ್ಲ, 22 ವರ್ಷದ ನಂತರ ಅದರ ಕೊಳ್ಳುವ ಶಕ್ತಿ ಕರಗಿರುತ್ತದೆ. ಈ ದೌರ್ಬಲ್ಯವನ್ನು ನಾನು ಮುಚ್ಚಿಡುವುದಿಲ್ಲ. ಆದರೆ ಮೀನುಗಾರಿಕೆಯ ಮನೆಯಲ್ಲಿ ಹಣ ಬರುವ ಬಗೆ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಬಂದರೆ ಒಮ್ಮೆಲೇ, ಇಲ್ಲದಿದ್ದರೆ ತಿಂಗಳುಗಟ್ಟಲೆ ಇಲ್ಲ. ಅಂಥ ಮನೆಯ ಹೆಂಗಸಿನ ಸ್ವಂತ ಖಾತೆಗೆ ತಪ್ಪದೆ ಬೀಳುವ ಮೊತ್ತವನ್ನು ನಾನು ಸಣ್ಣದೆಂದು ಎಣಿಸುವುದಿಲ್ಲ. ಮೇಲಾಗಿ ಇನ್ನೂ ಹತ್ತು ವರ್ಷ ಎಲ್ಲಾದರೂ ದುಡಿದರೆ ಅದು ಅಷ್ಟಕ್ಕೇ ನಿಲ್ಲುವುದೂ ಇಲ್ಲ.

ಮೂರು ತಿಂಗಳು ತುಂಬಿಸುವುದು ಹೇಗೆ? ಸ್ವಂತ ಕೈಯಿಂದ ಕಟ್ಟುತ್ತೇನೆ ಎಂದರೆ ಆಗುವುದಿಲ್ಲ, ಯೋಜನೆಯಲ್ಲಿ ಅದಕ್ಕೆ ದಾರಿಯಿಲ್ಲ. ಪಿಎಫ್ ವ್ಯಾಪ್ತಿಯ ಸಂಸ್ಥೆಯೊಂದರಲ್ಲಿ ನಿಜವಾಗಿ ಕೆಲಸ ಮಾಡಬೇಕು, ಸಂಬಳದಿಂದ ವಂತಿಗೆ ಹೋಗಬೇಕು. ಸಾಮಾನ್ಯವಾಗಿ 20 ಅಥವಾ ಹೆಚ್ಚು ಜನರಿರುವ ಸಂಸ್ಥೆಗಳು ಈ ವ್ಯಾಪ್ತಿಗೆ ಬರುತ್ತವೆ. ಕಾರವಾರದ ಗುತ್ತಿಗೆ ಕೆಲಸಗಳು, ಖಾಸಗಿ ಆಸ್ಪತ್ರೆ, ದೊಡ್ಡ ಹೋಟೆಲು, ಇಲ್ಲವೇ ಮತ್ತೆ ಗೋವಾ, ಯಾವುದಾದರೂ ನಡೆಯುತ್ತದೆ. ಈ ವರ್ಷವೇ ಆಗಬೇಕೆಂದಿಲ್ಲ. ಮಕ್ಕಳು ಸ್ವಲ್ಪ ದೊಡ್ಡವರಾದ ಮೇಲೆ ಸೇರಿದರೂ ಹಳೆಯ 9 ವರ್ಷ 3 ತಿಂಗಳು ಹಾಗೆಯೇ ಕೂಡಿಕೊಳ್ಳುತ್ತದೆ, ನಡುವಿನ ಖಾಲಿ ಕಾಲ ಸೇವೆಗೆ ಸೇರುವುದಿಲ್ಲ ಅಷ್ಟೆ. ಯಾರಾದರೂ "ಕೆಲಸಕ್ಕೆ ಬರುವುದು ಬೇಡ, ಕಾಗದದ ಮೇಲೆ ಮೂರು ತಿಂಗಳು ತೋರಿಸುತ್ತೇನೆ" ಎಂದರೆ ದೂರವಿರಿ, ಅದು ವಂಚನೆ.

ಇನ್ನು ನಿಮ್ಮನ್ನು ಹೆದರಿಸಿರುವ ಮಾತುಗಳು.

ಮೂರು ವರ್ಷಕ್ಕೆ ಬಡ್ಡಿ ನಿಲ್ಲುತ್ತದೆ ಎಂಬುದು ಒಂದು ಕಾಲದಲ್ಲಿ ನಿಜವಿತ್ತು. 2011ರಿಂದ ನಿಷ್ಕ್ರಿಯ ಖಾತೆಗಳಿಗೆ ಬಡ್ಡಿ ಕೊಡುತ್ತಿರಲಿಲ್ಲ, ಆ ಭಯ ಇನ್ನೂ ಊರಲ್ಲಿ ಉಳಿದಿದೆ. 2016ರ ನವೆಂಬರ್‌ನಲ್ಲಿ ನಿಯಮ ಬದಲಾಯಿತು. ಸದಸ್ಯರು 55 ದಾಟಿ ನಿವೃತ್ತರಾದ ಮೇಲೆ, ಖಾಯಂ ಆಗಿ ವಿದೇಶಕ್ಕೆ ಹೋದ ಮೇಲೆ ಅಥವಾ ತೀರಿಕೊಂಡ ಮೇಲೆ 36 ತಿಂಗಳೊಳಗೆ ಯಾರೂ ಹಣ ಕೇಳದಿದ್ದರೆ ಮಾತ್ರ ಖಾತೆ ನಿಷ್ಕ್ರಿಯ. 36ರ ವಯಸ್ಸಿನಲ್ಲಿ ಕೆಲಸ ಬಿಟ್ಟ ನಿಮ್ಮ ಖಾತೆಗೆ ಬಡ್ಡಿ ಸೇರುತ್ತಲೇ ಇರುತ್ತದೆ. 2023-24 ಮತ್ತು 2024-25ಕ್ಕೆ ದರ ಶೇ 8.25 ಇತ್ತು. ಕೆಲಸ ಬಿಟ್ಟ ನಂತರ ಸೇರುವ ಬಡ್ಡಿಗೆ ತೆರಿಗೆ ಇದೆ ಎಂದು ಬೆಂಗಳೂರಿನ ಆದಾಯ ತೆರಿಗೆ ಮೇಲ್ಮನವಿ ನ್ಯಾಯಮಂಡಳಿ 2017ರಲ್ಲಿ ಹೇಳಿದ್ದುಂಟು. ನಿಮ್ಮ ಆದಾಯಕ್ಕೆ ಅದು ತಲೆನೋವಾಗದು.

"ಸರ್ಕಾರ ಕಾಲು ಭಾಗ ಇಟ್ಟುಕೊಳ್ಳುತ್ತದೆ" ಎಂಬುದರ ಮೂಲ 2025ರ ಅಕ್ಟೋಬರ್ 13ರ ತೀರ್ಮಾನ. ಅಂದು ಭವಿಷ್ಯ ನಿಧಿಯ ಕೇಂದ್ರೀಯ ಮಂಡಳಿ, ಭಾಗಶಃ ಹಿಂಪಡೆಯುವ 13 ಬಗೆಯ ನಿಯಮಗಳನ್ನು ಅಗತ್ಯ ಖರ್ಚು, ವಸತಿ, ವಿಶೇಷ ಸಂದರ್ಭ ಎಂಬ ಮೂರಕ್ಕೆ ಇಳಿಸಲು ಒಪ್ಪಿತು. ಎಲ್ಲಕ್ಕೂ 12 ತಿಂಗಳ ಸೇವೆ ಸಾಕು, ಆದರೆ ಶೇ 25ರಷ್ಟು ಕನಿಷ್ಠ ಮೊತ್ತ ಖಾತೆಯಲ್ಲಿ ಉಳಿಯಬೇಕು. ಕೆಲಸ ಹೋದವರು ಶೇ 75ನ್ನು ಕೂಡಲೇ ತೆಗೆಯಬಹುದು, ಉಳಿದದ್ದನ್ನು 12 ತಿಂಗಳು ನಿರುದ್ಯೋಗ ಮುಂದುವರಿದರೆ ಪಡೆಯಬಹುದು. ಪಿಂಚಣಿ ಪಾಲನ್ನು ವಾಪಸ್ ಕೇಳಲು 36 ತಿಂಗಳು ಕಾಯಬೇಕು. ಹಳೆಯ ಕ್ರಮದಲ್ಲಿ ಒಂದು ತಿಂಗಳ ನಿರುದ್ಯೋಗಕ್ಕೆ ಶೇ 75, ಎರಡು ತಿಂಗಳಾದರೆ ಪೂರ್ತಿ ಪಿಎಫ್, ಜೊತೆಗೆ ಪಿಂಚಣಿ ಪಾಲೂ ಸಿಗುತ್ತಿತ್ತು. ಅರ್ಜಿ ಹಾಕುವ ದಿನ ಪೋರ್ಟಲ್‌ನಲ್ಲಿ ಯಾವುದು ಜಾರಿಯಲ್ಲಿದೆಯೋ ಅದೇ ನಿಮಗೆ ಅನ್ವಯ. ಆ ಕಾಲು ಭಾಗ ನಿಮ್ಮದೇ ಹಣ, ನಿಮ್ಮದೇ ಖಾತೆ, ಅದಕ್ಕೆ ಬಡ್ಡಿಯೂ ಇದೆ. ತಡವಾಗಿ ಸಿಗುತ್ತದೆ ಎಂಬುದು ದೂರಲು ತಕ್ಕ ವಿಷಯ, ಕೊಡುವುದೇ ಇಲ್ಲ ಎಂಬುದು ಸುಳ್ಳು.

ನಿಮ್ಮ ಮಟ್ಟಿಗಂತೂ ಈ ಗಲಾಟೆಯಿಂದ ಹೆಚ್ಚು ವ್ಯತ್ಯಾಸವಾಗುವುದಿಲ್ಲ. ಎರಡೂ ಖಾತೆ ಸೇರಿ 2,66,000 ರೂಪಾಯಿ. ಅದರ ಶೇ 75 ಎಂದರೆ 1,99,500. ಎರಡು ಲಕ್ಷಕ್ಕೆ 500 ರೂಪಾಯಿ ಕಡಿಮೆ! ಹಳೆಯ ನಿಯಮವಿರಲಿ ಹೊಸದಿರಲಿ, ಇಷ್ಟು ತೆಗೆಯಲು ನಿಮಗೆ ಅರ್ಹತೆ ಇದೆ. ಉಳಿದ 66,500ನ್ನು ಬಡ್ಡಿಗೆ ಬಿಡಿ, ಪೂರ್ತಿ ಕೊಡುವ ನಿಯಮವೇ ಇದ್ದರೂ ಬಿಡಿ.

ಮದುವೆಯ ಕಾರಣ ಹಾಕುವ ಸಲಹೆ ಓದಿ ನಕ್ಕುಬಿಟ್ಟೆ. ಮದುವೆಯಾಗಲೆಂದು ಕೆಲಸ ಬಿಡುವ ಹೆಣ್ಣುಮಕ್ಕಳು ಎರಡು ತಿಂಗಳು ಕಾಯಬೇಕಿಲ್ಲ ಎಂಬ ಹಳೆಯ ವಿನಾಯಿತಿಯನ್ನು ಆ ಅಂಗಡಿಯವರು ಎಲ್ಲೋ ಕೇಳಿದ್ದಾರೆ. ಇಬ್ಬರು ಮಕ್ಕಳ ತಾಯಿಗೆ ಅದನ್ನು ಹಚ್ಚಿದರೆ ಸುಳ್ಳು ಘೋಷಣೆಯಾಗುತ್ತದೆ, ಸಹಿ ಮತ್ತು ಓಟಿಪಿ ನಿಮ್ಮದು, ಅವರದಲ್ಲ. ಸುಳ್ಳು ಕಾರಣ ಕೊಟ್ಟು ಪಡೆದ ಹಣವನ್ನು ಬಡ್ಡಿ ಸಮೇತ ವಸೂಲು ಮಾಡುವ ಅವಕಾಶ ನಿಯಮದಲ್ಲಿದೆ. ಅಷ್ಟಕ್ಕೂ ನಿಮಗೆ ಸುಳ್ಳಿನ ಅಗತ್ಯವೇ ಇಲ್ಲ, ನಿರುದ್ಯೋಗವೇ ಸರಿಯಾದ ಕಾರಣ. ಕಮಿಷನ್‌ ಬಗ್ಗೆಯೂ ಹೇಳಿಬಿಡುತ್ತೇನೆ: ಭವಿಷ್ಯ ನಿಧಿ ಕಚೇರಿ ಕ್ಲೇಮ್‌ಗೆ ಒಂದು ಪೈಸೆ ಶುಲ್ಕ ಪಡೆಯುವುದಿಲ್ಲ. ಟೈಪ್ ಮಾಡಿಕೊಟ್ಟವರಿಗೆ ಅವರ ಶ್ರಮಕ್ಕೆ ತಕ್ಕ ಐವತ್ತೋ ನೂರೋ ಕೊಡಿ, ಎರಡು ಲಕ್ಷಕ್ಕೆ ಹತ್ತು ಸಾವಿರ ಕೊಡಬೇಡಿ. ಪಾಸ್‌ವರ್ಡ್ ಅವರ ಬಳಿ ಬಿಟ್ಟು ಬರಲೇಬೇಡಿ.

ಈಗ ಕೆಲಸದ ಕ್ರಮ. ನಮ್ಮ ಕರಾವಳಿಯವರ ಕ್ಲೇಮ್‌ಗಳು ಮುಗ್ಗರಿಸುವುದು ಹೆಚ್ಚಾಗಿ ಕ್ರಮ ತಪ್ಪಿದ್ದರಿಂದ.

ಮೊದಲು ಹೆಸರು. ನಾಯ್ಕ ಎಂಬ ಒಂದೇ ಅಡ್ಡಹೆಸರನ್ನು ಗೋವಾದ ಕಚೇರಿಗಳು ನಾಲ್ಕು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಕಾರವಾರದ ಆಧಾರ್ ಕೇಂದ್ರ ಐದರಲ್ಲಿ ಬರೆಯುತ್ತದೆ. ಕೆಲವರ ಹೆಸರಿನ ನಡುವೆ ತಂದೆಯ ಹೆಸರು ಸೇರಿರುತ್ತದೆ, ಕೆಲವರದ್ದರಲ್ಲಿ ಗಂಡನದು. ಕಂಪ್ಯೂಟರ್‌ಗೆ ಇವರೆಲ್ಲ ಬೇರೆ ಬೇರೆ ಮನುಷ್ಯರು. 2017ರ ಅಕ್ಟೋಬರ್ ನಂತರ ಆಧಾರ್ ತಾಳೆ ಮಾಡಿ ಕೊಟ್ಟ ಯುಎಎನ್ (ಕೆಲಸ ಬದಲಾದರೂ ಸದಸ್ಯರಿಗೆ ಒಂದೇ ಇರಬೇಕಾದ ಪಿಎಫ್ ಸಂಖ್ಯೆ) ಆಗಿದ್ದರೆ ಇಂಥ ತಿದ್ದುಪಡಿಯನ್ನು ಸದಸ್ಯರೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳುವ ಅನುಕೂಲ 2025ರ ಜನವರಿಯಿಂದ ಬಂದಿದೆ. ನಿಮ್ಮದು 2015ರ ಸಂಖ್ಯೆ, ಹಾಗಾಗಿ ಜಂಟಿ ಘೋಷಣೆಯನ್ನು, ಅಂದರೆ ನಿಮ್ಮ ತಿದ್ದುಪಡಿ ಅರ್ಜಿಯನ್ನು, ಉದ್ಯೋಗದಾತರು ಅನುಮೋದಿಸಬೇಕಾಗುತ್ತದೆ. ಕೊನೆಯ ಗುತ್ತಿಗೆದಾರರ ಬಾಗಿಲು ಇನ್ನೂ ತೆರೆದಿರುವಾಗಲೇ ಇದನ್ನು ಮುಗಿಸಿಕೊಳ್ಳಿ. ಗುತ್ತಿಗೆ ಮುಗಿಸಿ ಬೇರೆ ಊರಿಗೆ ಹೋದವರನ್ನು ಹುಡುಕಿ ಸಹಿ ಹಾಕಿಸುವುದು ಎಂಥ ಪಾಡು ಎಂದು ಕೇಳಬೇಕಿದ್ದರೆ ಬಂದರು, ಸೇತುವೆ, ರಸ್ತೆ ಕೆಲಸ ಮಾಡಿದ ಯಾರನ್ನಾದರೂ ಕೇಳಿ.

ಆಮೇಲೆ ವರ್ಗಾವಣೆ. ಎರಡೂ ಕಡೆ ಒಂದೇ ಯುಎಎನ್ ಇದೆಯೇ ನೋಡಿಕೊಳ್ಳಿ, ಗುತ್ತಿಗೆದಾರರು ಹಳೆಯದನ್ನು ಕೇಳದೆ ಹೊಸ ಸಂಖ್ಯೆ ಮಾಡಿಬಿಡುವುದು ಅಪರೂಪವಲ್ಲ. ಗೋವಾ ಖಾತೆಯಲ್ಲಿ ಕೆಲಸ ಬಿಟ್ಟ ದಿನಾಂಕ ದಾಖಲಾಗಿರಬೇಕು. ಆಗಿಲ್ಲದಿದ್ದರೆ ಕೊನೆಯ ವಂತಿಗೆ ಬಂದು ಎರಡು ತಿಂಗಳಾದ ಮೇಲೆ ಪೋರ್ಟಲ್‌ನಲ್ಲಿ ನೀವೇ ತುಂಬಬಹುದು. ಅದಾದ ಬಳಿಕ ಗೋವಾದ 2,04,000 ರೂಪಾಯಿಯನ್ನು ಕಾರವಾರದ ಖಾತೆಗೆ ವರ್ಗಾಯಿಸಲು ಕೇಳಿ. ಕಾರವಾರದ ಕೆಲಸ ಬಿಟ್ಟ ದಿನಾಂಕವನ್ನು ಇದಕ್ಕಿಂತ ಮೊದಲು ತುಂಬಲು ಅವಸರ ಮಾಡಬೇಡಿ, ಕೊನೆಯ ಖಾತೆ ತೆರೆದಿದ್ದಾಗ ವರ್ಗಾವಣೆ ಸಲೀಸು.

ಇಷ್ಟೆಲ್ಲ ಸುತ್ತುವುದೇಕೆ, ಎರಡನ್ನೂ ಬೇರೆ ಬೇರೆಯಾಗಿ ತೆಗೆದರಾಗದೇ ಎನ್ನುತ್ತೀರಿ. ತೆರಿಗೆಯ ಕಾರಣಕ್ಕೆ. ಐದು ವರ್ಷದ ಸೇವೆ ತುಂಬಿದ ಮೇಲೆ ತೆಗೆಯುವ ಪಿಎಫ್‌ಗೆ ತೆರಿಗೆ ಇಲ್ಲ. ಹಿಂದಿನ ಮಾಲೀಕರ ಬಳಿ ಮಾಡಿದ ಸೇವೆ ಲೆಕ್ಕಕ್ಕೆ ಬರುವುದು ಆ ಖಾತೆಯ ಹಣ ವರ್ಗವಾಗಿ ಬಂದಿದ್ದರೆ ಮಾತ್ರ. ವರ್ಗಾಯಿಸದೆ ಕಾರವಾರದ ಖಾತೆಯೊಂದನ್ನೇ ಮುಚ್ಚಿದರೆ ಕಚೇರಿಗೆ ಕಾಣುವುದು ಎರಡೂವರೆ ವರ್ಷವೂ ತುಂಬದ ಸೇವೆ, 50,000 ದಾಟಿದ ಮೊತ್ತ. 62,000ದಲ್ಲಿ ಶೇ 10, ಅಂದರೆ 6,200 ರೂಪಾಯಿ ಮುರಿದುಕೊಳ್ಳುತ್ತಾರೆ. ಪ್ಯಾನ್ ಜೋಡಣೆಯಾಗಿಲ್ಲದಿದ್ದರೆ ಶೇ 20. ತೆರಿಗೆ ಬಾಧ್ಯತೆ ಇಲ್ಲವೆಂಬ ಸ್ವಯಂಘೋಷಣೆ ಕೊಟ್ಟು ತಪ್ಪಿಸಿಕೊಳ್ಳಬಹುದಾದರೂ, ವರ್ಗಾಯಿಸಿಬಿಟ್ಟರೆ ಆ ಪ್ರಶ್ನೆಯೇ ಏಳುವುದಿಲ್ಲ. ಪಿಂಚಣಿ ಸೇವೆಯ ಎಣಿಕೆಯೂ ಒಂದೇ ಕಡೆ ಸೇರುತ್ತದೆ.

ಖಾಲಿ ಇರುವ ಎರಡು ತಿಂಗಳನ್ನು ಹಗುರವಾಗಿ ಬಿಡಬೇಡಿ. ಬೇರೆಯವರಿಗಾದರೆ ಅದು ನಾಲ್ಕು ಸಾವಿರ ರೂಪಾಯಿಯ ವಿಷಯ, ನಿಮಗೆ ಪಿಂಚಣಿಯ ವಿಷಯ. ದಾಖಲೆಯ ಪ್ರಕಾರ ಈಗ ನಿಮ್ಮ ಸೇವೆ 9 ವರ್ಷ 1 ತಿಂಗಳಷ್ಟೇ. ಕಡಿತ ತೋರಿಸುವ ಸಂಬಳ ಚೀಟಿಗಳನ್ನು ಜೋಪಾನ ಮಾಡಿ. ಮೊದಲು ಗುತ್ತಿಗೆದಾರರಿಗೆ ಲಿಖಿತವಾಗಿ ಕೇಳಿ. ಉತ್ತರ ಬರದಿದ್ದರೆ ಆ ಕೆಲಸವನ್ನು ಗುತ್ತಿಗೆ ಕೊಟ್ಟ ಮೂಲ ಸಂಸ್ಥೆಗೆ ಬರೆಯಿರಿ. ಗುತ್ತಿಗೆ ಕಾರ್ಮಿಕರ ವಂತಿಗೆ ಕಟ್ಟಿಸುವ ಹೊಣೆ ಕಾನೂನಿನಲ್ಲಿ ಅವರ ಮೇಲೂ ಇದೆ, ಗುತ್ತಿಗೆದಾರರ ಬಿಲ್ಲಿನಲ್ಲಿ ಹಿಡಿದುಕೊಳ್ಳುವ ಅಧಿಕಾರವೂ ಇದೆ. ನನ್ನ ಅನುಭವದಲ್ಲಿ ಈ ಎರಡನೇ ಪತ್ರಕ್ಕೆ ಇರುವ ಬಲ ಹತ್ತು ಫೋನ್ ಕರೆಗಳಿಗೆ ಇಲ್ಲ. ಅದಕ್ಕೂ ಜಗ್ಗದಿದ್ದರೆ ಭವಿಷ್ಯ ನಿಧಿ ಸಂಘಟನೆಯ ಕುಂದುಕೊರತೆ ಪೋರ್ಟಲ್‌ನಲ್ಲಿ ಚೀಟಿಗಳ ಪ್ರತಿ ಲಗತ್ತಿಸಿ ದೂರು ದಾಖಲಿಸಿ.

ಇವೆಲ್ಲ ಒಂದು ದಾರಿಗೆ ಬಂದ ಮೇಲೆ ಕ್ಲೇಮ್ ಹಾಕಿ, ಶೇ 75ಕ್ಕೆ. ಬ್ಯಾಂಕ್ ಖಾತೆ ನಿಮ್ಮ ಹೆಸರಿನದೇ ಆಗಿರಲಿ. ಚೆಕ್ಕಿನ ಚಿತ್ರ ಅಪ್‌ಲೋಡ್ ಮಾಡುವ ಕಾಟ 2025ರ ಏಪ್ರಿಲ್‌ನಲ್ಲಿ ಹೋಗಿದೆ. ಸರಿಯಾದ ಕ್ಲೇಮನ್ನು 20 ದಿನದೊಳಗೆ ಇತ್ಯರ್ಥ ಮಾಡಬೇಕೆಂಬ ನಿಯಮವಿದೆ. ಆದರೆ ಹೆಸರು ತಿದ್ದುಪಡಿ, ವರ್ಗಾವಣೆಗೆ ಹಿಡಿಯುವ ಸಮಯ ಅದರ ಹೊರಗಿನದು. ಆದ್ದರಿಂದ ಎಂಜಿನ್‌ಗೆ ಮುಂಗಡ ಕೊಡುವಾಗ ಪಿಎಫ್ ಹಣ ಇಂಥ ದಿನವೇ ಬರುತ್ತದೆಂದು ಮಾತು ಕೊಡಬೇಡಿ. ತಡವಾದರೆ ಇನ್ನೊಂದು ದಾರಿಯನ್ನೂ ವಿಚಾರಿಸಿ: ಮೀನುಗಾರ ಮಹಿಳೆಯರ ಬಡ್ಡಿರಹಿತ ಸಾಲದ ಮಿತಿಯನ್ನು 2023-24ರ ರಾಜ್ಯ ಬಜೆಟ್‌ನಲ್ಲಿ 50 ಸಾವಿರದಿಂದ 3 ಲಕ್ಷ ರೂಪಾಯಿಗೆ ಏರಿಸಲಾಗಿತ್ತು. ಮೀನುಗಾರಿಕೆ ಇಲಾಖೆಯಲ್ಲಿ ನಿಮ್ಮ ಅರ್ಹತೆ ಕೇಳಿ ನೋಡಿ. ಅದು ಸಿಕ್ಕರೆ ಪಿಎಫ್‌ನಿಂದ ಮಾಡಿನ ಖರ್ಚಿಗಷ್ಟೇ ತೆಗೆದರೂ ಸಾಕಾಗಬಹುದು.

ಆನ್‌ಲೈನ್‌ನಲ್ಲಿ ಸಿಕ್ಕಿಹಾಕಿಕೊಂಡರೆ ಪಣಜಿಯ ಇಲ್ಲವೇ ಹುಬ್ಬಳ್ಳಿಯ ಪಿಎಫ್ ಕಚೇರಿಗೆ ಬಸ್ ಹತ್ತುವ ಮೊದಲು ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ 'ನಿಧಿ ಆಪ್ಕೆ ನಿಕಟ್' ಶಿಬಿರಕ್ಕೆ ಹೋಗಿ. ಅಂದು ರಜೆಯಿದ್ದರೆ ಮುಂದಿನ ಕೆಲಸದ ದಿನ ನಡೆಯುತ್ತದೆ. ಆ ತಿಂಗಳ ಜಾಗ ಎಲ್ಲೆಂದು 14470ಕ್ಕೆ ಕರೆ ಮಾಡಿ ಕೇಳಿಕೊಳ್ಳಿ. ಆಧಾರ್, ಪ್ಯಾನ್, ಬ್ಯಾಂಕ್ ಪಾಸ್‌ಬುಕ್, ಗೋವಾದ ನೇಮಕಾತಿ ಪತ್ರ, ಆ ಎರಡು ತಿಂಗಳ ಸಂಬಳ ಚೀಟಿ, ಮುದ್ರಿಸಿದ ಪಿಎಫ್ ಪಾಸ್‌ಬುಕ್ ಒಯ್ಯಿರಿ. ಆಧಾರ್‌ಗೆ ಜೋಡಿಸಿದ ಸಿಮ್ ಇರುವ ಮೊಬೈಲೂ ಕೈಯಲ್ಲಿರಲಿ, ಓಟಿಪಿ ಬರುವುದು ಅದಕ್ಕೇ. ಅದು ನಿಮ್ಮ ಯಜಮಾನರ ಬಳಿ ಇದ್ದು, ಅವರು ಅಂದು ಕಡಲಿಗೆ ಹೋಗಿದ್ದರೆ ಶಿಬಿರಕ್ಕೆ ಹೋದದ್ದು ದಂಡ.